ಜಡ್ಜಿಗೆಂದು ಹೊಲಿದ ಕೈಗವಸು

ಮೀರ್‌ಹ್ಯಾಮ್ ಹಾಲ್
3 ಅಕ್ಟೋಬರ್ 1932

ಪ್ರೀತಿಯ ಅಕ್ಕ ಹೆಸ್ಟರ್,

ನಿನ್ನ ತಮ್ಮ ಒಂದು ವರ್ಷದ ಮಟ್ಟಿಗೆ ಈ ಕೌಂಟಿಯ ಹೈ ಶೆರೀಫ್, ಅಂದರೆ ರಾಜರ ಪ್ರತಿನಿಧಿ, ಆಗಿದ್ದಾನೆ ಎಂದು ಏಪ್ರಿಲ್‌ನಲ್ಲೇ ಬರೆದಿದ್ದೆ. ಅದಕ್ಕೆ ನೀನು ಆರ್ಕ್ನಿ ದ್ವೀಪದಿಂದ ಒಂದು ಕಟ್ಟು ಒಣಮೀನು ಕಳಿಸಿದೆ, ಜೊತೆಗೆ ಒಂದು ಸಾಲೂ ಇರಲಿಲ್ಲ. ಅದನ್ನೇ ಅಭಿನಂದನೆ ಎಂದು ತಿಳಿದು ತಿಂದು ಮುಗಿಸಿದೆವು.

ಕೆಲಸ ಹೇಗಿದೆ ಎಂದರೆ, ವರ್ಷವಿಡೀ ನಾಟಕದ ವೇಷ. ಕರಿ ಮಖಮಲ್ ಕೋಟು, ಮೊಣಕಾಲಿಗೆ ನಿಲ್ಲುವ ಚಡ್ಡಿ, ರೇಷ್ಮೆ ಕಾಲುಚೀಲ, ಕೊರಳಿಗೆ ಜಾಲರಿ, ಸೊಂಟಕ್ಕೆ ಕತ್ತಿ. ಜೂನ್‌ನಲ್ಲಿ ಜಡ್ಜನ್ನು ಕರೆತರಲು ರೈಲು ನಿಲ್ದಾಣಕ್ಕೆ ಹೋದಾಗ ಕತ್ತಿ ಗಾಡಿಯ ಬಾಗಿಲಿಗೆ ಸಿಕ್ಕಿಕೊಂಡಿತು. ತುತ್ತೂರಿಯವರು ಊದುತ್ತಲೇ ಇದ್ದಾರೆ, ನಾನು ಇಳಿಯುತ್ತಲೇ ಇದ್ದೇನೆ. ನನ್ನವಳು ಮಾಡ್ ಹೇಳುತ್ತಾಳೆ, “ಮದುವೆ ದಿನ ಇದರಲ್ಲಿ ಅರ್ಧ ಅಲಂಕಾರ ಮಾಡ್ಕೊಂಡಿದ್ರೂ ನಮ್ಮಮ್ಮ ಅಳ್ತಿರ್ಲಿಲ್ಲ.” ಉಳಿದಂತೆ ಆಸ್ಪತ್ರೆಗೆ ಚಂದಾ ಕೂಡಿಸಿದವರಿಗೆ ವಂದನೆ, ಪೊಲೀಸರ ಕವಾಯತು, ಅನಾಥ ವೃದ್ಧರಿಗೆ ಚಹಾ. ಎಲ್ಲ ಕಡೆಯೂ ಸಾಲಾಗಿ ನಿಂತವರ ಕೈ ಕುಲುಕುವುದೇ ಮುಖ್ಯ.

ಈಗ ಒಂದು ಬೇಡಿಕೆ. ನವೆಂಬರ್‌ನಲ್ಲಿ ಲಂಡನ್ನಿನ ಜಡ್ಜ್ ಮತ್ತೆ ಬಂದು ದೊಡ್ಡ ಕೋರ್ಟು ನಡೆಸುತ್ತಾರೆ. ವಿಚಾರಣೆಗೆ ಈವರೆಗೆ ಒಬ್ಬ ಕೈದಿಯೂ ಇಲ್ಲ. ಅಂಥ ಸಲ ಶೆರೀಫನು ತುಂಬಿದ ಸಭೆಯಲ್ಲಿ ಜಡ್ಜಿಗೆ ಒಂದು ಜೊತೆ ಬಿಳಿ ಕೈಗವಸು ಕೊಡುವುದು ಹಳೆಯ ಪದ್ಧತಿ, ಕೌಂಟಿಯ ಕೈ ಶುಭ್ರವಾಗಿದೆ ಎಂಬುದಕ್ಕೆ. ನಮ್ಮಲ್ಲಿ ಇದು ನಡೆದು ಒಂದು ತಲೆಮಾರಾಯಿತು. ಅಂಗಡಿಯಿಂದ ತರಿಸಬಹುದು. ಆದರೆ ನೀನು ಹೊಲಿದದ್ದನ್ನು ಕೊಡಬೇಕೆಂದು ನನಗೆ ಆಸೆ.

ನಿನ್ನ ತಮ್ಮ
ಆಂಬ್ರೋಸ್

*

ಸ್ಟ್ರಾಮ್‌ನೆಸ್, ಆರ್ಕ್ನಿ
14 ಅಕ್ಟೋಬರ್ 1932

ತಮ್ಮನಿಗೆ,

ಕೈಗವಸಿಗೆ ಚರ್ಮ ಕತ್ತರಿಸುವ ರಾಬರ್ಟನನ್ನು ಮದುವೆಯಾದೆ ಎಂದು ಅಪ್ಪ ನನಗೆ ಬಾಗಿಲು ಹಾಕಿದರು. ನೀನು ಮದುವೆಗೆ ಬರಲಿಲ್ಲ. ಬಂದದ್ದು ಅವನನ್ನು ಮಣ್ಣು ಮಾಡುವಾಗ. ಈಗ ಅದೇ ಚರ್ಮದ ಕೆಲಸ ಮೀರ್‌ಹ್ಯಾಮ್ ಹಾಲ್‌ನ ಮಾನ ಕಾಯಬೇಕು. ರಾಬರ್ಟ್ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಹೊಲಿಯುತ್ತೇನೆ. ಅವನು ತೆಗೆದಿಟ್ಟಿದ್ದ ಮೇಕೆಮರಿಯ ಬಿಳಿ ಚರ್ಮ ಇನ್ನೂ ಒಂದಿಷ್ಟು ಉಳಿದಿದೆ. ಜಡ್ಜಿನ ಕೈ ಅಳತೆ ಕಳಿಸದೆ ಕೈಗವಸು ಕೇಳುವವನು ನೀನೊಬ್ಬನೇ ಇರಬೇಕು. ಹೇಗೋ ನೋಡಿಕೊಳ್ಳುತ್ತೇನೆ. ಸೂಜಿಗೆ ದಾರ ಪೋಣಿಸಿಕೊಡಲು ಮೊಮ್ಮಗಳು ಇದ್ದಾಳೆ.

ನಿಮ್ಮ ಹೆಸರುಗಳ ಪಟ್ಟಿಯ ಮೇಲೆ ರಾಜರು ಸೂಜಿ ಚುಚ್ಚಿ ಶೆರೀಫನನ್ನು ಆರಿಸುತ್ತಾರಂತೆ. ಚುಚ್ಚಿಸಿಕೊಂಡವನಿಗೆ ನೋವಾಗುತ್ತದೆಯೋ ಇಲ್ಲವೋ ಬರೆ.

ಹೆಸ್ಟರ್

*

ಮೀರ್‌ಹ್ಯಾಮ್ ಹಾಲ್
12 ನವೆಂಬರ್ 1932

ಪ್ರೀತಿಯ ಅಕ್ಕ,

ಕೈಗವಸು ಸಮಯಕ್ಕೆ ಬಂತು. ಎಷ್ಟು ಮೆತ್ತಗಿದೆ ಎಂದರೆ ಮಾಡ್ ಅದನ್ನು ಕೆನ್ನೆಗೆ ಒತ್ತಿಕೊಂಡು ಕೂತಿದ್ದಳು. ಕರಿ ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಕೋರ್ಟಿಗೆ ಹೋದೆ. ಕೊಡುವ ಭಾಗ್ಯ ಬರಲಿಲ್ಲ.

ಜಡ್ಜ್ ಬರುವ ಹಿಂದಿನ ವಾರ ಜವುಗು ನೆಲದ ಕಡೆ ಒಂದು ಕೊಲೆಯಾಯಿತು. ಕೊಂದವನು ಏಮಸ್ ಪೆಲ್ ಎಂಬವನು, ಹಾವುಮೀನು ಹಿಡಿಯುವವನು. ಕಾಲುವೆಯ ಕಾವಲುಗಾರ ಇವನ ಬಲೆ ಕಿತ್ತುಕೊಂಡನಂತೆ, ಇವನು ದೋಣಿಯ ಹುಟ್ಟಿನಿಂದ ಹೊಡೆದನಂತೆ. ಹೊಡೆದದ್ದು ಒಂದೇ ಏಟು. ಇವನು ಅದನ್ನು ಅಲ್ಲಗಳೆಯಲಿಲ್ಲ. “ಬಲೆ ಬಿಡ್ಲಿ ಅಂತ ಹೊಡ್ದೆ. ಅವ್ನು ಬಲೆ ಬಿಡ್ಲೇ ಇಲ್ಲ, ಹಿಡ್ಕೊಂಡೇ ಸತ್ತ,” ಎಂದ. ಜ್ಯೂರಿಯವರು ತಪ್ಪಿತಸ್ಥ ಎಂದರು, ಆದರೆ ಕರುಣೆ ತೋರಿಸಬೇಕೆಂದು ಕೇಳಿಕೊಂಡರು. ಜಡ್ಜ್ ತಲೆಯ ಮೇಲೆ ಕರಿ ಬಟ್ಟೆ ಇಟ್ಟುಕೊಂಡು ಮರಣದಂಡನೆ ಓದಿದರು. ನಾನು ಅವರ ಪಕ್ಕದಲ್ಲೇ ಕತ್ತಿ ಕಟ್ಟಿಕೊಂಡು ಕೂತಿದ್ದೆ. ಪೆಲ್ ಅವರನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ. ಬಹುಶಃ ನನ್ನ ವೇಷ ನೋಡುತ್ತಿದ್ದ.

ಶಿಕ್ಷೆ ಕೊಡುವವರು ರೈಲು ಹತ್ತಿ ಹೋಗುತ್ತಾರೆ, ಅದನ್ನು ನಡೆಸಬೇಕಾದವನು ಶೆರೀಫ್. ದಿನ ಗೊತ್ತು ಮಾಡುವುದು, ನೇಣು ಹಾಕುವವನಿಗೆ ಕಾಗದ ಬರೆದು ಕರೆಸುವುದು, ಎಲ್ಲ ನನ್ನ ಹೆಸರಿನಲ್ಲಿ. ಆದರೆ ಗಾಬರಿಯಾಗಬೇಡ. ನನ್ನ ಕೈಕೆಳಗೆ ಗಾರ್‌ಸೈಡ್ ಎಂಬ ವಕೀಲನಿದ್ದಾನೆ, ಉಪ ಶೆರೀಫ್. ಆ ಬೆಳಿಗ್ಗೆ ಜೈಲಿಗೆ ಹೋಗಿ ನಿಲ್ಲುವುದು ವಾಡಿಕೆಯಂತೆ ಅವನ ಕೆಲಸ. ಲಂಡನ್ನಿನಿಂದ ಕ್ಷಮೆ ಬರುತ್ತದೆಂದು ಎಲ್ಲರೂ ಹೇಳುತ್ತಿದ್ದಾರೆ.

ಕೈಗವಸು ಕೋಟಿನ ಜೇಬಿನಲ್ಲೇ ಇದೆ. ಫೆಬ್ರವರಿಯ ಕೋರ್ಟಿಗೆ ಬೇಕಾಗಬಹುದು.

ಆಂಬ್ರೋಸ್

*

ಸ್ಟ್ರಾಮ್‌ನೆಸ್
21 ನವೆಂಬರ್ 1932

ಆಂಬ್ರೋಸ್,

ತುತ್ತೂರಿ ನಿನಗೆ, ಹಗ್ಗ ಗಾರ್‌ಸೈಡನಿಗೆ. ಹಂಚಿಕೆ ಚೆನ್ನಾಗಿದೆ. ನಾವು ಚಿಕ್ಕವರಿದ್ದಾಗ ಕೋಳಿ ಕೊಯ್ಯುವ ದಿನ ನೀನು ತೋಟದ ಹಿಂದೆ ಓಡಿಹೋಗಿ, ಊಟಕ್ಕೆ ಮಾತ್ರ ಮೊದಲು ಬಂದು ಕೂರುತ್ತಿದ್ದೆ. ನೀನೇನೂ ಬದಲಾಗಿಲ್ಲ.

ಕ್ಷಮೆ ಬರುತ್ತದೆಂದು ಕೈಕಟ್ಟಿ ಕೂರಬೇಡ. ನಿನ್ನ ಆ ದೊಡ್ಡ ಮೊಹರು ಒತ್ತಿ ಲಂಡನ್ನಿಗೆ ನೀನೇ ಬರೆ. ಅವನಿಗೆ ಯಾರಿದ್ದಾರೆ? ಹೆಂಡತಿ, ತಾಯಿ? ಅದನ್ನು ನೀನು ಬರೆಯಲೇ ಇಲ್ಲ.

ಇಲ್ಲಿ ಸಮುದ್ರ ಕೆಟ್ಟಿದೆ. ದೋಣಿ ಬರುವುದೇ ಅಪರೂಪ, ಪತ್ರಿಕೆಯಂತೂ ಕಾಣುತ್ತಲೇ ಇಲ್ಲ. ಬೇಗ ಬರೆ.

ಹೆಸ್ಟರ್

*

ಮೀರ್‌ಹ್ಯಾಮ್ ಹಾಲ್
10 ಡಿಸೆಂಬರ್ 1932

ಪ್ರೀತಿಯ ಅಕ್ಕ,

ಇಲ್ಲಿ ಮಂಜು ಬಿದ್ದು ಮೂರು ಮೈಲಿ ದೂರದ ಚರ್ಚಿನ ಗಂಟೆಯೂ ಪಕ್ಕದ ಕೋಣೆಯಲ್ಲಿ ಹೊಡೆದಂತೆ ಕೇಳಿಸುತ್ತದೆ. ಮಾಡ್ ಕ್ರಿಸ್‌ಮಸ್ ಪುಡ್ಡಿಂಗ್ ಮಾಡಿಟ್ಟಿದ್ದಾಳೆ. ಕಂದು ಬಣ್ಣದ ಹೆಣ್ಣು ಕುದುರೆಗೆ ಕಾಲು ಕುಂಟಾಗಿದೆ.

ಪೆಲ್ ವಿಷಯ ಮುಗಿಯಿತು. ನೀನು ಹೇಳಿದಂತೆ ಲಂಡನ್ನಿಗೆ ಬರೆದಿದ್ದೆ. ನಿನ್ನ ಕೈಗವಸು ಉಪಯೋಗಕ್ಕೆ ಬಂತು. ಸರಿಯಾದ ಅಳತೆ, ಒಂದು ಸುಕ್ಕೂ ಇರಲಿಲ್ಲ.

ಹೆಚ್ಚಿಗೆ ಬರೆಯಲು ಆಗುತ್ತಿಲ್ಲ. ನಾಳೆ ಪೊಲೀಸರ ಕವಾಯತು ಇದೆ.

ಆಂಬ್ರೋಸ್

*

ಸ್ಟ್ರಾಮ್‌ನೆಸ್
22 ಡಿಸೆಂಬರ್ 1932

ಮುದ್ದು ತಮ್ಮ,

ನಿನ್ನ ಕಾಗದ ಓದಿ ಅತ್ತೆ. ಇಷ್ಟು ಒಳ್ಳೆಯ ಸುದ್ದಿಯನ್ನು ಕುದುರೆ ಕುಂಟಿದ ಸುದ್ದಿಯ ಕೆಳಗೆ ಯಾರಾದರೂ ಬಚ್ಚಿಡುತ್ತಾರೆಯೇ? ನೀನು ಬರೆದೆ, ಲಂಡನ್ನಿನವರು ಕೇಳಿದರು, ಜಡ್ಜಿಗೆ ಕೈಗವಸೂ ಹೋಯಿತು. ಪಕ್ಕದ ಮನೆಯ ಇಸೊಬೆಲ್‌ಗೆ ಓದಿ ಹೇಳಿದೆ. “ನಿನ್ನ ತಮ್ಮ ಅಷ್ಟು ಕಲ್ಲಲ್ಲ ಬಿಡು,” ಎಂದಳು. ಕೋಳಿಯ ಮಾತು ಎತ್ತಿದ್ದಕ್ಕೆ ನನಗೇ ನಾಚಿಕೆಯಾಯಿತು. ಪೆಲ್‌ನ ಮನೆಯವರು ಈ ಕ್ರಿಸ್‌ಮಸ್‌ಗೆ ಊಟ ಮಾಡುವುದನ್ನು ಯೋಚಿಸಿದರೆ ನನಗೆ ಇಲ್ಲಿ ಹೊಟ್ಟೆ ತುಂಬುತ್ತದೆ.

ಸರಿಯಾದ ಅಳತೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನನ್ನ ಎದೆಯ ಭಾರ ಇಳಿಯಿತು. ಜಡ್ಜಿನ ಅಳತೆ ನನ್ನಲ್ಲಿ ಇರಲಿಲ್ಲವಲ್ಲ. ರಾಬರ್ಟನ ಸಂಸ್ಕಾರಕ್ಕೆ ಬಂದಾಗ ನೀನು ಎಡಗೈಯ ಗವಸೊಂದನ್ನು ಮರೆತು ಹೋಗಿದ್ದೆ. ಅದನ್ನು ಬಿಚ್ಚಿ ಹಾಸಿ, ಅದರ ಮೇಲೇ ಕತ್ತರಿಸಿದೆ. ಅದು ಪೂರ್ತಿ ನಿನ್ನ ಕೈ. ಹೆಬ್ಬೆರಳು ಗಿಡ್ಡ, ಕಿರುಬೆರಳು ಒಳಗೆ ಬಾಗಿದ್ದು, ಎಲ್ಲ ಹಾಗೇ. ಜಡ್ಜಿಗೂ ಅಂಥದೇ ಕೈ ಇರುವುದು ವಿಚಿತ್ರವೇ.

ಪುಡ್ಡಿಂಗ್‌ನಲ್ಲಿ ನನ್ನ ಪಾಲು ತಿನ್ನು.

ನಿನ್ನ ಅಕ್ಕ
ಹೆಸ್ಟರ್

*

ಮೀರ್‌ಹ್ಯಾಮ್ ಹಾಲ್
15 ಜನವರಿ 1933

ಅಕ್ಕ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದು ಹೋಗಿದ್ದೇನೆ.

ಪೆಲ್‌ಗೆ ಕ್ಷಮೆ ಸಿಗಲಿಲ್ಲ. ಈ ವಿಷಯದಲ್ಲಿ ಶೆರೀಫರು ಅಭಿಪ್ರಾಯ ಇಟ್ಟುಕೊಳ್ಳುವ ಅಗತ್ಯವಿಲ್ಲ ಎಂದು ನನಗೆ ಎರಡು ಸಾಲಿನ ಉತ್ತರ ಬಂತು. ಅವನನ್ನು ನೇಣಿಗೆ ಹಾಕಲಾಯಿತು, ಮತ್ತು ನಾನು ಅಲ್ಲಿದ್ದೆ. ಗಾರ್‌ಸೈಡನನ್ನು ಮನೆಯಲ್ಲೇ ಇರಲು ಹೇಳಿದೆ. “ನಿಮಗ್ಯಾಕೆ ಸರ್ ಈ ಉಸಾಬರಿ, ನಾನು ಮೊದಲೂ ನಿಂತಿದೀನಿ,” ಎಂದ. ಪಾಪ, ಒಳ್ಳೆಯವನು. ಆದರೆ ನೀನು ಕೋಳಿಯ ಮಾತು ಬರೆದಿದ್ದೆ.

ಜೈಲಿನ ಮುಖ್ಯಸ್ಥನ ಮುಂದೆ ನಿಂತು ಕೈದಿಯ ದೇಹವನ್ನು ನನಗೆ ಒಪ್ಪಿಸಿ ಎಂದು ಕೇಳುವುದು ಶೆರೀಫನ ಕೆಲಸ. ಬದುಕಿರುವವನನ್ನು ದೇಹ ಎನ್ನಬೇಕು. ಕೇಳಿದೆ. ಆಮೇಲೆ ಅವನ ಕೋಣೆಗೆ ಹೋದೆವು. ಪೆಲ್ ಎದ್ದು ನಿಂತು ಕೈ ಉಜ್ಜಿಕೊಳ್ಳುತ್ತಿದ್ದ.

“ಯಜಮಾನ್ರೇ, ಇವು ನಡುಗ್ತಾ ಇದಾವೆ. ಹೆದ್ರಿಕೆಗಲ್ಲ. ನೀರಿನ ಕೆಲ್ಸದೋರ ಕೈ ಯಾವಾಗ್ಲೂ ತಣ್ಣಗೇ. ಮನೇಲಿ ಅವ್ವ ಉಜ್ಜಿಕೊಡೋಳು. ಹೆದ್ರಿದ್ದ ಅಂತ ಯಾರೂ ಅವ್ಳಿಗೆ ಹೇಳ್ಬಾರ್ದು,” ಎಂದ.

ಅದೇ ಕರಿ ಕೋಟು ಹಾಕಿದ್ದೆ. ಕೈ ತಾನಾಗಿಯೇ ಜೇಬಿಗೆ ಹೋಯಿತು. ನಿನ್ನ ಕೈಗವಸನ್ನು ಅವನಿಗೆ ಕೊಟ್ಟೆ. ಪಾದ್ರಿ ಓದುವುದು ನಿಲ್ಲಿಸಿದರು. ಮುಖ್ಯಸ್ಥ ನೋಡಿಯೂ ತಡೆಯಲಿಲ್ಲ. ಪೆಲ್ ಒಂದೊಂದೇ ಬೆರಳು ತೂರಿಸಿ ನಿಧಾನವಾಗಿ ಹಾಕಿಕೊಂಡ. “ಯಾರಿಗೆ ಅಂತ ಮಾಡ್ಸಿದ್ರಿ?” ಎಂದು ಕೇಳಿದ.

“ಜಡ್ಜಿಗೆ.”

ಅವನು ನಕ್ಕುಬಿಟ್ಟ, ಅಕ್ಕ. “ಹಂಗಾದ್ರೆ ಅವ್ರ ಕೈ, ನನ್ ಕೈ ಒಂದೇ ಅಳತೆ ಅನ್ನಿ.”

ನೇಣು ಹಾಕುವವನು ಕೈಗವಸಿನ ಮೇಲೆಯೇ ಪಟ್ಟಿ ಬಿಗಿದ. ಆಮೇಲಿನದು ನೀನು ಅಂದುಕೊಂಡಿರುವುದಕ್ಕಿಂತ ಬೇಗ ಮುಗಿಯುತ್ತದೆ. ಸುಣ್ಣ ಹಾಕಿ ಜೈಲಿನ ಆವರಣದ ಒಳಗೇ ಹೂಳಿದರು. ಕೈಗವಸು ತೆಗೆಯಬೇಡಿ ಎಂದು ನಾನು ಹೇಳಿದೆ.

ಅದಾದ ಮೇಲೆ ಶುರುವಾದದ್ದನ್ನು ನಿನಗೆ ಹೇಗೆ ಬರೆಯಲಿ? ಪೊಲೀಸರ ಕವಾಯತಿನಲ್ಲಿ ಸಾಲಾಗಿ ಕೈ ಕುಲುಕುತ್ತ ಬಂದೆ. ಕೊನೆಯ ಕೈ ಮೆತ್ತನೆಯ ಚರ್ಮದ್ದು, ಐಸಿನಷ್ಟು ತಣ್ಣಗೆ. ತಲೆ ಎತ್ತಿದರೆ ಎದುರಿಗೆ ಯಾರೂ ಇಲ್ಲ, ಸಾಲು ಆಗಲೇ ಮುಗಿದಿತ್ತು. ಹೊಸ ವರ್ಷದ ದಿನ ವೃದ್ಧರ ಚಹಾಕೂಟದಲ್ಲಿ ಮತ್ತೆ ಅದೇ ಆಯಿತು. ಕಾಲುವೆ ನೀರಿನ ವಾಸನೆಯೂ ಬಂತು. ಕಳೆದ ಭಾನುವಾರ ಚರ್ಚಿನ ಬಾಗಿಲಲ್ಲಿ ಎಲ್ಲರೂ ಹೋದ ಮೇಲೆ ಮಾಡ್ ನನ್ನ ತೋಳು ಹಿಡಿದು ಕೇಳಿದಳು, “ಯಾರಿಗ್ರೀ ಕೈ ಕೊಡ್ತಾ ಇದೀರ?” ಚಳಿಗೆ ಜೋಮು ಹಿಡಿದಿದೆ ಎಂದೆ. ಅವಳಿಗೆ ಏನೂ ಹೇಳಿಲ್ಲ.

ಇದೆಲ್ಲದರ ನಡುವೆ ನಿನ್ನ ಕಾಗದ ಬಂತು. ಕೈಗವಸನ್ನು ನನ್ನ ಕೈಯ ಅಳತೆಗೆ ಕತ್ತರಿಸಿದೆ ಎಂದು ಬರೆದಿದ್ದೀಯ. ಅಲ್ಲಿಂದ ಮುಂದೆ ಓದಲು ನನ್ನಿಂದ ಆಗಲಿಲ್ಲ. ಅವನ ಬಾಗಿದ ಕಿರುಬೆರಳು ಒಳಗೆ ಹೋಗಿ ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನನಗೆ ಭಯವಾಗುತ್ತಿದೆ. ಮಾರ್ಚ್ ಕೊನೆಗೆ ನನ್ನ ಅಧಿಕಾರ ಮುಗಿಯುವವರೆಗೆ ಇನ್ನೂ ಎಷ್ಟೋ ಕೈ ಕುಲುಕಬೇಕು. ಫೆಬ್ರವರಿಯ ಕೋರ್ಟಿಗೆ ಕೈದಿಗಳೇ ಇಲ್ಲವಂತೆ. ಈ ಸಲ ಕೌಂಟಿ ಪೂರ್ತಿ ಶುಭ್ರ. ಗಾರ್‌ಸೈಡ್ ಕೈಗವಸಿನ ಬಗ್ಗೆ ಕೇಳುತ್ತಿದ್ದಾನೆ.

ಆಂಬ್ರೋಸ್

*

ಸ್ಟ್ರಾಮ್‌ನೆಸ್
27 ಜನವರಿ 1933

ಆಂಬ್ರೋಸ್,

ನಿನ್ನ ಕಾಗದವನ್ನು ಮೊಮ್ಮಗಳಿಂದ ಓದಿಸಬೇಕಾಯಿತು. ಅರ್ಧಕ್ಕೆ ಅವಳನ್ನು ಹೊರಗೆ ಕಳಿಸಿ, ಉಳಿದದ್ದನ್ನು ಇಸೊಬೆಲ್‌ಳಿಂದ ಓದಿಸಿದೆ. ನಿನಗೆ ಹೇಳಿರಲಿಲ್ಲ, ಬೇಸಿಗೆಯಿಂದ ನನ್ನ ಕಣ್ಣಿಗೆ ಪೊರೆ ಮುಚ್ಚಿಕೊಳ್ಳುತ್ತಿದೆ, ಈ ತಿಂಗಳು ಅಕ್ಷರವೂ ಕಾಣದಾಯಿತು. ಈಗ ನಾನು ಹೇಳುತ್ತಿದ್ದೇನೆ, ಇಸೊಬೆಲ್ ಬರೆಯುತ್ತಿದ್ದಾಳೆ. ಅವಳು ಯಾರಿಗೂ ಬಾಯಿ ಬಿಡುವುದಿಲ್ಲ.

ಕೋಳಿಯ ಮಾತು ಬರೆದವಳು ನಾನು. ಯಾರ ಮೇಲೋ ಇದ್ದ ಸಿಟ್ಟು ಅದು. ಅಪ್ಪನ ಮೇಲೆ, ನೀನು ಬಾರದೆ ಹೋದ ಮದುವೆಯ ಮೇಲೆ. ನೀನು ನಿಜವಾಗಿ ಹೋಗಿ ನಿಲ್ಲುತ್ತೀಯ ಎಂದು ನನಗೆ ತೋಚಲಿಲ್ಲ. ಆದರೂ ಒಂದು ಮಾತು ಕೇಳು. ಗಾರ್‌ಸೈಡ್ ಹೋಗಿದ್ದರೆ ಆ ಮನುಷ್ಯ ಬರಿಗೈಯಲ್ಲಿ ಹೋಗುತ್ತಿದ್ದ. ನಾನು ಎಷ್ಟೋ ದೊಡ್ಡವರಿಗೆ ಹೊಲಿದಿದ್ದೇನೆ. ಅವನಷ್ಟು ಬೇಕಾಗಿ ಯಾರೂ ಹಾಕಿಕೊಂಡಿರಲಿಕ್ಕಿಲ್ಲ.

ನೀನು ಕಂಡದ್ದು ಏನು ಎಂದು ನನಗೆ ಗೊತ್ತಿಲ್ಲ. ಡಾಕ್ಟರನ್ನು ನೋಡು ಎಂದು ಇಸೊಬೆಲ್ ಸೇರಿಸಲು ಹೇಳುತ್ತಿದ್ದಾಳೆ. ನನಗೆ ಅನಿಸುವುದು ಬೇರೆ. ಅವನು ನಿನಗೆ ಒಂದು ಕೆಲಸ ಹೇಳಿದ್ದ. ಹೆದರಿದ್ದ ಅಂತ ಅವ್ವನಿಗೆ ಯಾರೂ ಹೇಳಬಾರದು ಎಂದ. ಹೆದರಲಿಲ್ಲ ಅಂತ ಅವಳಿಗೆ ಯಾರು ಹೇಳಿದರು? ನೀನು ಹೋಗಿಲ್ಲ, ಅಲ್ಲವೇ? ಆ ತಾಯಿ ಬದುಕಿದ್ದಾಳೋ ಇಲ್ಲವೋ ಎಂದೂ ನೀನು ಬರೆದಿಲ್ಲ. ಹೋಗು.

ಈ ಕಾಗದದೊಂದಿಗೆ ಇನ್ನೊಂದು ಜೊತೆ ಕೈಗವಸು ಕಳಿಸುತ್ತಿದ್ದೇನೆ. ರಾಬರ್ಟನ ಚರ್ಮ ಇಲ್ಲಿಗೆ ಮುಗಿಯಿತು, ನನ್ನ ಹೊಲಿಗೆಯೂ ಮುಗಿಯಿತು. ಬೆರಳಲ್ಲಿ ತಡಕಿ ತಡಕಿ ಹೊಲಿದದ್ದು, ಬಲಗೈ ಪಕ್ಕದಲ್ಲಿ ಹೊಲಿಗೆ ಸ್ವಲ್ಪ ಸೊಟ್ಟ ಇರಬಹುದು. ಬೇರೆ ಅಳತೆ ನನ್ನಲ್ಲಿಲ್ಲ. ಇದೂ ನಿನ್ನ ಕೈಯೇ.

ಹೆಸ್ಟರ್

*

ಮೀರ್‌ಹ್ಯಾಮ್ ಹಾಲ್
24 ಫೆಬ್ರವರಿ 1933

ಅಕ್ಕ,

ಇದನ್ನು ಇಸೊಬೆಲ್ ನಿನಗೆ ಓದಿ ಹೇಳುತ್ತಿರಬೇಕು. ಆಕೆಗೆ ನನ್ನ ವಂದನೆ. ಡಾಕ್ಟರನ್ನು ನೋಡಿದೆ. ಟಾನಿಕ್ ಕೊಟ್ಟಿದ್ದಾನೆ, ಸೀಸೆ ಹಾಗೇ ಇದೆ. ನಿನ್ನ ಕಣ್ಣಿನ ವಿಷಯ ಮುಚ್ಚಿಟ್ಟದ್ದಕ್ಕೆ ನಾವಿಬ್ಬರೂ ಆಮೇಲೆ ಜಗಳವಾಡೋಣ. ಏಪ್ರಿಲ್ ಹೊತ್ತಿಗೆ ನನಗೆ ಬಿಡುವಾಗುತ್ತದೆ. ದೋಣಿ ಹತ್ತಿ ಅಲ್ಲಿಗೇ ಬರುತ್ತೇನೆ.

ಹೋದ ವಾರ ಪೆಲ್‌ನ ತಾಯಿಯ ಹತ್ತಿರ ಹೋದೆ. ಗಾಡಿ ಬಿಟ್ಟು, ವೇಷ ಬಿಟ್ಟು, ಕಾಲುವೆ ದಂಡೆಯ ಮೇಲೆ ನಡೆದುಕೊಂಡೇ ಹೋದೆ. ಕೆಸರು ಬೂಟಿನ ಮೇಲೆ ಹತ್ತುತ್ತಿತ್ತು. ಹಿಂತಿರುಗಿ ಹೋಗಲು ಕಾರಣ ಹುಡುಕುತ್ತಲೇ ನಡೆದೆ. ಮುದುಕಿ ಬಾಗಿಲ ಹೊರಗೆ ಕೂತು ಬೆತ್ತದ ಬುಟ್ಟಿ ಹೆಣೆಯುತ್ತಿದ್ದಳು. ಹಾವುಮೀನು ಹಿಡಿಯುವ ಉದ್ದನೆಯ ಬುಟ್ಟಿ. ಅದನ್ನು ನೀರಿಗೆ ಇಳಿಸಲು ಇನ್ನು ಯಾರಿದ್ದಾರೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೆಸರು ಹೇಳಿದೆ. ಆಕೆಗೆ ಗೊತ್ತಿತ್ತು.

“ಕೋರ್ಟಲ್ಲಿ ನೋಡಿದೀನಿ. ಕತ್ತಿ ಕಟ್ಕೊಂಡಿದ್ರಿ. ಇವತ್ತು ಎಲ್ಲಿ ಕತ್ತಿ?”

“ಮನೆಯಲ್ಲಿದೆ.”

“ಏನ್ ಬೇಕಾಗಿತ್ತು?”

ಅವನು ಹೆದರಲಿಲ್ಲ ಎಂದೆ. ಕೈ ತಣ್ಣಗಾಗಿತ್ತು, ನನ್ನ ಅಕ್ಕ ಹೊಲಿದ ಕೈಗವಸು ಕೊಟ್ಟೆ, ಹಾಕಿಕೊಂಡ, ನಕ್ಕ ಎಂದೆ. ಏನೆಂದು ನಕ್ಕ ಎಂದು ಕೇಳಿದಳು, ಅದನ್ನೂ ಹೇಳಿದೆ. ಆಕೆ ಇನ್ನೊಂದು ಬೆತ್ತ ಬಗ್ಗಿಸಿ ಬುಟ್ಟಿಗೆ ಸೇರಿಸಿದಳು.

“ಅವ್ನಿಗೆ ಚಿಕ್ಕೋನಿದ್ದಾಗ್ಲಿಂದ ಹಂಗೇ. ಯಾವ ಹೊತ್ತಲ್ಲಿ ಏನ್ ಅನ್ಬೇಕು ಅಂತ ಗೊತ್ತಿಲ್ಲ,” ಎಂದಳು. ಆಮೇಲೆ, “ಕೈಗವಸು ತೆಗೆದ್ಬಿಟ್ರಾ, ಹಂಗೇ ಬಿಟ್ರಾ?”

“ಹಾಗೇ ಬಿಟ್ಟೆವು.”

ಹೊರಡುತ್ತೇನೆ ಎಂದು ಕೈ ಚಾಚಿದೆ. ಅಭ್ಯಾಸ, ಅಕ್ಕ. ವರ್ಷವಿಡೀ ಅದನ್ನೇ ಮಾಡಿದ್ದೇನಲ್ಲ. ಚಾಚಿದ ಮೇಲೆ ನಾಚಿಕೆಯಾಯಿತು. ಆಕೆ ಆ ಕೈಯನ್ನು ನೋಡುತ್ತಾ ಕೂತಳು. ಬುಟ್ಟಿ ಕೆಳಗಿಟ್ಟು ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನಿಮ್ದೂ ತಣ್ಣಗಾಗಿದ್ಯಲ್ಲ,” ಎಂದು ಉಜ್ಜತೊಡಗಿದಳು. ಪ್ರೀತಿಯಿಂದಲ್ಲ. ಒದ್ದೆ ಬಟ್ಟೆ ಹಿಂಡುವ ಹಾಗೆ, ಮುಖ ಬೇರೆ ಕಡೆ ತಿರುಗಿಸಿಕೊಂಡು ಉಜ್ಜಿದಳು. ನನಗೆ ಅಳು ಬಂತು. ಬೆಚ್ಚಗಾದ ಮೇಲೆ ಬಿಟ್ಟಳು.

“ಕ್ಷಮೆ ಗಿಮೆ ಕೇಳ್ಬೇಡಿ. ಅದು ನನ್ ಹತ್ರ ಇಲ್ಲ. ಹೊಲಿದೋಳಿಗೆ ಹೇಳಿ, ಒಳ್ಳೇ ಕೆಲ್ಸ ಮಾಡಿದ್ಲು ಅಂತ. ಇನ್ನು ನೀವು ಬರೋದು ಬೇಡ.”

ಹೇಳಿದ್ದೇನೆ, ಅಕ್ಕ. ಆಕೆ ಹೇಳಿದ ಹಾಗೆಯೇ.

ನಿನ್ನೆ ಕೋರ್ಟು ನಡೆಯಿತು. ಮಖಮಲ್, ಜಾಲರಿ, ತುತ್ತೂರಿ, ಎಲ್ಲ ಇತ್ತು. ಕೈದಿಗಳ ಕಟಕಟೆ ಖಾಲಿ. ನಾನು ಎದ್ದು ನಿನ್ನ ಕೈಗವಸನ್ನು ಜಡ್ಜಿಗೆ ಕೊಟ್ಟೆ. ಈ ಕೌಂಟಿಯಲ್ಲಿ ಒಂದು ಕಲೆಯೂ ಇಲ್ಲವೆಂದು ಅವರು ಭಾಷಣ ಮಾಡಿದರು. ನವೆಂಬರ್‌ನಲ್ಲಿ ಬಂದವರೂ ಅವರೇ, ನೆನಪಿರಲಿಲ್ಲವೆಂದು ಕಾಣುತ್ತದೆ. ಹಾಕಿಕೊಳ್ಳಲು ನೋಡಿದರು, ಅವರ ದಪ್ಪ ಬೆರಳು ಒಳಗೆ ಇಳಿಯಲೇ ಇಲ್ಲ. ಸಭೆಯವರೆಲ್ಲ ನಕ್ಕರು. ನಾನೂ ನಕ್ಕೆ, ಪೆಲ್ ಏನೆನ್ನುತ್ತಿದ್ದ ಎಂದುಕೊಂಡು. ಸೊಟ್ಟ ಹೊಲಿಗೆ ಯಾರ ಕಣ್ಣಿಗೂ ಬೀಳಲಿಲ್ಲ.

ಆಮೇಲೆ ಪುರಭವನದಲ್ಲಿ ಸಾಲು. ಮೇಯರ್, ಅವರ ಹೆಂಡತಿ, ವಕೀಲರು, ಆಸ್ಪತ್ರೆಯ ದಾದಿಯರು. ಆ ಕೊನೆಯ ಕೈ ಬರುತ್ತದೆಂದು ನನಗೆ ಗೊತ್ತಿತ್ತು. ಬಂತು. ಅದೇ ಮೆತ್ತನೆಯ ಚರ್ಮ, ಅದೇ ಚಳಿ, ಒಳಗೆ ಬಾಗಿದ ಕಿರುಬೆರಳು. ಈ ಸಲ ಮುಖ ಹುಡುಕಲು ತಲೆ ಎತ್ತಲಿಲ್ಲ, ಕೈಯನ್ನೂ ಬಿಡಲಿಲ್ಲ. ಆ ತಾಯಿ ಮಾಡಿದ ಹಾಗೆ ಹಿಡಿದು ಉಜ್ಜಿದೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಮಾಡ್ ಪಕ್ಕಕ್ಕೆ ಬಂದು ನಿಂತಿದ್ದಳು. ಮೆಲ್ಲಗೆ ಕೇಳಿದಳು, “ಯಾಕ್ರೀ, ಒಬ್ರೇ ನಿಂತು ನಿಮ್ ಕೈನ ನೀವೇ ಉಜ್ಕೋತಾ ಇದೀರ? ಚಳಿನಾ?”

“ಇತ್ತು,” ಎಂದೆ. “ಈಗ ಬೆಚ್ಚಗಾಯ್ತು.”

ನಿನ್ನ ತಮ್ಮ
ಆಂಬ್ರೋಸ್